ಹಳೇ ಕಾರಿಗೆ ಎಲ್‌ಇಡಿ ಬಲ್ಬ್: ಹಿಂದಿನ ದೀಪದಿಂದ ಶುರು ಮಾಡಿ, ಹೆಡ್‌ಲೈಟ್ ಕೊನೆಗೆ ಇರಲಿ

ಹಳೇ ಗಾಡಿಗೆ ಎಲ್‌ಇಡಿ ಹಾಕಿಸಿದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಇಂಡಿಕೇಟರ್ ಪಟಪಟ ಅಂತ ಬಡಿದುಕೊಳ್ಳುತ್ತದೆ, ಇಲ್ಲವೇ ಹತ್ತಿದ್ದು ಹತ್ತಿಯೇ ಇರುತ್ತದೆ. ಬ್ರೇಕ್ ತುಳಿದರೆ ಡ್ಯಾಶ್‌ಬೋರ್ಡಿನ ಮೀಟರ್ ದೀಪ ಮಿಣುಕುತ್ತದೆ. ಡಿಮ್‌ನಲ್ಲೇ ಹೋಗುತ್ತಿದ್ದರೂ ಎದುರಿನ ಲಾರಿಯವರು ಡಿಪ್ಪರ್ ಹೊಡೆಯುತ್ತಾರೆ. ಕೆಲವೇ ತಿಂಗಳಲ್ಲಿ ಒಂದು ಬದಿಯ ಬಲ್ಬ್ ಹೋಗಿಬಿಡುತ್ತದೆ.

ಬಲ್ಬೇ ಕಳಪೆ ಇರಬಹುದು. ಆದರೆ ಬಹಳ ಸಲ ತಪ್ಪುವುದು ಕೆಲಸದ ಕ್ರಮ. ಎಲ್ಲರೂ ಮೊದಲು ಹೆಡ್‌ಲೈಟ್‌ಗೆ ಕೈ ಹಾಕುತ್ತಾರೆ, ಯಾಕೆಂದರೆ ಬೆಳಕು ಕಡಿಮೆ ಅನ್ನಿಸುವುದು ಅಲ್ಲೇ. ಅದನ್ನು ಕೊನೆಗೆ ಇಡಿ. ಮೊದಲು ಚಾರ್ಜಿಂಗ್, ಆಮೇಲೆ ಅರ್ಥ್ (ಕರೆಂಟ್ ಗಾಡಿಯ ಲೋಹದ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ), ಆಮೇಲೆ ಹಿಂದಿನ ದೀಪಗಳು, ಆಮೇಲೆ ಇಂಡಿಕೇಟರ್. ಇಷ್ಟು ಮುಗಿಯುವ ಹೊತ್ತಿಗೆ ಹೆಡ್‌ಲೈಟ್‌ಗೆ ಎಲ್‌ಇಡಿ ಬೇಕೋ ಬೇಡವೋ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಇಲ್ಲಿ ಹೇಳುವುದು ಮಾರುತಿ 800, ಓಮ್ನಿ, ಜಿಪ್ಸಿ, ಹಳೇ ಝೆನ್ ಥರದ 12 ವೋಲ್ಟ್ ಕಾರುಗಳಿಗೆ. ಬೈಕ್, ಸ್ಕೂಟರ್ ಇದ್ದವರಿಗೆ ಕೊನೆಯ ಹತ್ತಿರ ಬೇರೆ ಭಾಗ ಇದೆ. ಅವರು ಅದನ್ನು ಓದದೆ ಬಲ್ಬ್ ಕೊಳ್ಳಬೇಡಿ.

ಬೇಕಾಗುವ ಸಾಮಾನು

ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ದುಬಾರಿಯದ್ದು ಬೇಡ, ವೋಲ್ಟ್ ಮತ್ತು ಕಂಟಿನ್ಯೂಟಿ (ವೈರ್ ನಡುವೆ ತುಂಡಾಗಿದೆಯೋ ಇಲ್ಲವೋ) ತೋರಿಸಿದರೆ ಸಾಕು. ಜೊತೆಗೆ ಒಂದು ಟೆಸ್ಟ್ ಲ್ಯಾಂಪ್ ಇರಲಿ. ಹಳೇ 12 ವೋಲ್ಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿದರೆ ಅದೇ ಟೆಸ್ಟ್ ಲ್ಯಾಂಪ್. ಕಿಲುಬು ಹಿಡಿದ ವೈರ್‌ನಲ್ಲೂ ಮೀಟರ್ 12 ವೋಲ್ಟ್ ತೋರಿಸಬಹುದು. ಟೆಸ್ಟ್ ಲ್ಯಾಂಪ್ ಕರೆಂಟ್ ಎಳೆಯುತ್ತದೆ, ಆದ್ದರಿಂದ ಅದು ಮಂಕಾಗಿ ಹತ್ತಿದರೆ ಲೈನ್ ಸರಿ ಇಲ್ಲ ಅಂತ ಅರ್ಥ.

ಉಳಿದದ್ದು ಸಣ್ಣಪುಟ್ಟವು. ಸ್ಟಾರ್ ಸ್ಕ್ರೂಡ್ರೈವರ್, 10ರ ಸ್ಪ್ಯಾನರ್, ನಯವಾದ ಉಪ್ಪುಕಾಗದ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ವ್ಯಾಸಲೀನ್, ಹೀಟ್ ಶ್ರಿಂಕ್ ಟ್ಯೂಬ್, ಕ್ರಿಂಪ್ ಮಾಡುವ ಕತ್ತರಿ, ಕೆಲವು ಫ್ಯೂಸ್. ಬೆಂಗಳೂರಿನವರಾದರೆ ಫ್ಲ್ಯಾಶರ್ (ಇಂಡಿಕೇಟರನ್ನು ಹತ್ತಿಸಿ ಆರಿಸುವ ಸಣ್ಣ ಡಬ್ಬಿ), ಹೋಲ್ಡರ್, ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಜೆಸಿ ರಸ್ತೆಯ ಆಟೋ ಅಂಗಡಿಗಳಲ್ಲಿ ಕೇಳಿ. ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್, ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ. ಬೇರೆ ಊರುಗಳಲ್ಲಿ ಟಿವಿ ರಿಪೇರಿಯವರ ಹತ್ತಿರ ಡಯೋಡ್ ಇದ್ದೇ ಇರುತ್ತದೆ.

ಹಂತ 1: ಚಾರ್ಜಿಂಗ್ ವೋಲ್ಟೇಜ್ ನೋಡಿ

ಎಂಜಿನ್ ಆಫ್ ಇರುವಾಗ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ. ಚಾರ್ಜ್ ಆಗಿರುವ ಬ್ಯಾಟರಿ 12.4ರಿಂದ 12.7 ವೋಲ್ಟ್ ತೋರಿಸುತ್ತದೆ. ಈಗ ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಡಿ. 13.5ರಿಂದ 14.5ರ ನಡುವೆ ನಿಂತರೆ ಸರಿ.

15 ದಾಟಿದರೆ ಅಲ್ಲಿಗೇ ನಿಲ್ಲಿಸಿ. ಆಲ್ಟರ್ನೇಟರ್‌ನ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರದ) ವೋಲ್ಟ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ ಅಂತ ಅರ್ಥ. ಹಳೇ ಫಿಲಮೆಂಟ್ ಬಲ್ಬ್ ಇದನ್ನು ಸ್ವಲ್ಪ ದಿನ ತಡೆದುಕೊಳ್ಳುತ್ತದೆ. ಅಗ್ಗದ ಎಲ್‌ಇಡಿ ತಡೆದುಕೊಳ್ಳುವುದಿಲ್ಲ. "ಹಾಕಿದ ಬಲ್ಬ್ ಎಲ್ಲ ಒಂದೊಂದಾಗಿ ಸುಡುತ್ತಿದೆ" ಅನ್ನುವವರು ಬಲ್ಬ್ ಕಂಪನಿ ಬದಲಿಸುವ ಮುಂಚೆ ಈ ಒಂದು ಅಳತೆ ನೋಡಬೇಕು.

ಹಂತ 2: ಅರ್ಥ್ ಮತ್ತು ಹೋಲ್ಡರ್ ಸ್ವಚ್ಛ ಮಾಡಿ

ಹಳೇ ಗಾಡಿಯ ದೀಪದ ಸಮಸ್ಯೆಗಳಲ್ಲಿ ದೊಡ್ಡ ಪಾಲು ಅರ್ಥ್‌ನದ್ದು. ಕರಾವಳಿಯ ಗಾಡಿಗಳಲ್ಲಿ ಇನ್ನೂ ಜಾಸ್ತಿ. ಉಪ್ಪುಗಾಳಿಗೆ ಹಿಂದಿನ ದೀಪದ ಹೋಲ್ಡರ್ ಹಸಿರು ಕಿಲುಬು ಹಿಡಿದಿರುತ್ತದೆ. ಬಾಡಿಗೆ ಕಚ್ಚಿದ ಅರ್ಥ್ ಸ್ಕ್ರೂ ತುಕ್ಕು ತಿಂದಿರುತ್ತದೆ.

ಹಿಂದಿನ ದೀಪ ಬಿಚ್ಚಿ, ಕಪ್ಪು ವೈರ್ ಬಾಡಿಗೆ ಸೇರುವ ಜಾಗ ಹುಡುಕಿ. ಬೇರೆ ಬಣ್ಣವೂ ಇರಬಹುದು, ಮೀಟರ್ ಹಿಡಿದು ಖಚಿತ ಮಾಡಿಕೊಳ್ಳಿ. ಸ್ಕ್ರೂ ತೆಗೆದು, ಅಡಿಯ ಪೇಂಟ್ ಮತ್ತು ತುಕ್ಕನ್ನು ಲೋಹ ಹೊಳೆಯುವ ತನಕ ಉಜ್ಜಿ, ತೆಳುವಾಗಿ ವ್ಯಾಸಲೀನ್ ಸವರಿ ವಾಪಸ್ ಬಿಗಿ ಮಾಡಿ. ಹೋಲ್ಡರ್ ಒಳಗಿನ ಹಿತ್ತಾಳೆ ಗುಂಡಿಯನ್ನೂ ಉಜ್ಜಿ. ಅದರ ಅಡಿಯ ಸ್ಪ್ರಿಂಗ್ ಒತ್ತಿದರೆ ಪುಟಿಯಬೇಕು. ಪುಟಿಯದಿದ್ದರೆ ಹೋಲ್ಡರನ್ನೇ ಬದಲಿಸಿ, ದುಬಾರಿಯೇನಲ್ಲ.

ಈಗ ಒಂದು ಪರೀಕ್ಷೆ. ಹಳೇ ಬಲ್ಬುಗಳನ್ನೇ ವಾಪಸ್ ಹಾಕಿ, ಪಾರ್ಕಿಂಗ್ ಲೈಟ್ ಆನ್ ಮಾಡಿ, ಬ್ರೇಕ್ ತುಳಿದುಕೊಂಡೇ ಇಂಡಿಕೇಟರ್ ಹಾಕಿ. ಇಂಡಿಕೇಟರ್ ಜೊತೆ ಟೇಲ್ ಲೈಟ್ ಕೂಡ ಮಿಣುಕಿದರೆ ಅರ್ಥ್ ಇನ್ನೂ ಸರಿ ಆಗಿಲ್ಲ. ಕರೆಂಟ್ ವಾಪಸ್ ಹೋಗಲು ದಾರಿ ಸಿಗದೆ ಪಕ್ಕದ ಬಲ್ಬಿನ ಮೂಲಕ ನುಗ್ಗುತ್ತಿದೆ. ಎಲ್‌ಇಡಿ ಹಾಕಿದ ಮೇಲೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ, ಏಕೆಂದರೆ ಎಲ್‌ಇಡಿ ಬಹಳ ಸಣ್ಣ ಕರೆಂಟ್‌ಗೂ ಮಿನುಗುತ್ತದೆ. ಈ ಪರೀಕ್ಷೆ ಪಾಸ್ ಆಗದೆ ಮುಂದೆ ಹೋಗಬೇಡಿ.

ಹಂತ 3: ಯಾವ ಬಲ್ಬ್ ಎಲ್ಲಿದೆ ಅಂತ ಬರೆದುಕೊಳ್ಳಿ

ಅಂಗಡಿಯವರಿಗೆ ಗಾಡಿ ಹೆಸರು ಹೇಳಿ ಬಲ್ಬ್ ತರಬೇಡಿ. 20-25 ವರ್ಷದ ಗಾಡಿಯಲ್ಲಿ ಯಾರೋ ಯಾವಾಗಲೋ ಹೋಲ್ಡರ್ ಬದಲಿಸಿರುತ್ತಾರೆ. ಒಂದೊಂದೇ ಬಲ್ಬ್ ಬಿಚ್ಚಿ, ಬುಡದ ಮೇಲಿನ ಅಕ್ಷರ ಓದಿ, ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ.

ಸಾಮಾನ್ಯವಾಗಿ ಸಿಗುವವು ಇವು. 21 ವ್ಯಾಟ್‌ನ ಒಂದೇ ಫಿಲಮೆಂಟ್ ಬಲ್ಬ್ ಇಂಡಿಕೇಟರ್ ಮತ್ತು ರಿವರ್ಸ್‌ಗೆ. ಇದರ ಬುಡದ ಪಕ್ಕದ ಎರಡು ಮೊಳೆಗಳು ಎದುರುಬದುರಾಗಿ, ಒಂದೇ ಎತ್ತರದಲ್ಲಿ ಇರುತ್ತವೆ. ಬುಡದಲ್ಲಿ ಒಂದೇ ಗುಂಡಿ. ಅಂಗಡಿಯಲ್ಲಿ 1156 ಅಂದರೆ ಕೊಡುತ್ತಾರೆ. 21/5 ವ್ಯಾಟ್‌ನ ಎರಡು ಫಿಲಮೆಂಟ್ ಬಲ್ಬ್ ಬ್ರೇಕ್ ಮತ್ತು ಟೇಲ್‌ಗೆ. ಇದರ ಮೊಳೆಗಳು ಏರುಪೇರು ಎತ್ತರದಲ್ಲಿ ಇರುತ್ತವೆ, ಬುಡದಲ್ಲಿ ಎರಡು ಗುಂಡಿ. ಇದು 1157. ಪಾರ್ಕಿಂಗ್, ನಂಬರ್ ಪ್ಲೇಟ್‌ಗೆ 5 ವ್ಯಾಟ್‌ನದ್ದು, ಹೆಚ್ಚಾಗಿ ಗಾಜಿನ ಬುಡದ ಟಿ10. ಒಳಗಿನ ದೀಪಕ್ಕೆ ಎರಡೂ ತುದಿ ಚೂಪಾದ ಉದ್ದ ಬಲ್ಬ್. ಅದು 31, 36, 39, 41 ಮಿಲಿಮೀಟರ್ ಹೀಗೆ ಬೇರೆ ಬೇರೆ ಉದ್ದದಲ್ಲಿ ಬರುತ್ತದೆ, ಸ್ಕೇಲ್ ಇಟ್ಟು ಅಳೆಯಿರಿ. ಹೆಡ್‌ಲೈಟ್‌ಗೆ ಹೆಚ್ಚಿನ ಗಾಡಿಗಳಲ್ಲಿ 60/55 ವ್ಯಾಟ್‌ನ ಎಚ್4.

ಮೊಳೆ ಜಾಗ ಹೊಂದದ ಬಲ್ಬನ್ನು ಒತ್ತಿ ತಿರುಗಿಸಿ ಕೂರಿಸುವವರಿದ್ದಾರೆ. 1157 ಹೋಲ್ಡರ್‌ಗೆ 1156 ತುರುಕಿದರೆ ಒಂದೇ ಗುಂಡಿ ಎರಡು ಲೈನನ್ನೂ ಮುಟ್ಟಿ ಬ್ರೇಕ್ ಮತ್ತು ಟೇಲ್ ಒಂದಾಗಿಬಿಡುತ್ತವೆ. ಸುಲಭವಾಗಿ ಕೂರಲಿಲ್ಲ ಅಂದರೆ ಅದು ಆ ಜಾಗದ ಬಲ್ಬ್ ಅಲ್ಲ.

ಹಂತ 4: ನಂಬರ್ ಪ್ಲೇಟ್, ಪಾರ್ಕಿಂಗ್, ಒಳದೀಪ

ಇವು ಸುಲಭ, ಕೈ ಪಳಗಲಿಕ್ಕೆ ಇಲ್ಲಿಂದ ಶುರು ಮಾಡಿ. ಟಿ10 ಮತ್ತು ಉದ್ದ ಬಲ್ಬಿಗೆ ಪ್ಲಸ್-ಮೈನಸ್ ಇರುತ್ತದೆ. ಹತ್ತದಿದ್ದರೆ ತೆಗೆದು ತಿರುಗಿಸಿ ಹಾಕಿ. ಟಿ10 ಕಾಲುಗಳು ಸಡಿಲ ಇದ್ದರೆ ಸ್ವಲ್ಪ ಅಗಲಿಸಿ, ಇಲ್ಲವಾದರೆ ನಮ್ಮ ರಸ್ತೆಯ ಹಂಪ್‌ಗಳಿಗೆ ದಿನಕ್ಕೊಮ್ಮೆ ಆರುತ್ತದೆ. ಮುಂದೆ ನೀಲಿ, ನೇರಳೆ, ಮಿಣಮಿಣ ಹೊಡೆಯುವ ಬಣ್ಣದವು ಬೇಡ. ಪಾರ್ಕಿಂಗ್ ಲೈಟ್ ಬಿಳಿ ಇರಲಿ.

ಹಂತ 5: ಟೇಲ್ ಮತ್ತು ಬ್ರೇಕ್

ಎಲ್‌ಇಡಿಯಿಂದ ನಿಜವಾಗಿ ಲಾಭ ಇರುವ ಜಾಗ ಇದು. ಫಿಲಮೆಂಟ್ ಕಾದು ಬೆಳಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಎಲ್‌ಇಡಿ ತಕ್ಷಣ ಹತ್ತುತ್ತದೆ. ಹೈವೇಯಲ್ಲಿ ಹಿಂದಿನ ಗಾಡಿಯವನಿಗೆ ಅಷ್ಟು ಮುಂಚೆ ನಿಮ್ಮ ಬ್ರೇಕ್ ಕಾಣುತ್ತದೆ.

ಬಣ್ಣದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕೆಂಪು ಗಾಜಿಗೆ ಕೆಂಪು ಎಲ್‌ಇಡಿಯೇ ಬೇಕು. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ನೀಲಿ, ಹಳದಿ ಜಾಸ್ತಿ, ಕೆಂಪು ಕಡಿಮೆ. ಕೆಂಪು ಗಾಜು ಕೆಂಪನ್ನು ಮಾತ್ರ ಬಿಡುತ್ತದೆ, ಹಾಗಾಗಿ ಬೆಳಕಿನ ಬಹುಪಾಲು ಅಲ್ಲೇ ಸಾಯುತ್ತದೆ. ಕೈಯಲ್ಲಿ ಕಣ್ಣು ಕುಕ್ಕುವ ಬಲ್ಬ್ ಗಾಜಿನ ಹಿಂದೆ ಗುಲಾಬಿಯಾಗಿ, ಮಂಕಾಗಿ ಕಾಣುವುದು ಇದಕ್ಕೇ. ಇದೇ ಲೆಕ್ಕ ಇಂಡಿಕೇಟರ್‌ಗೂ: ಕಿತ್ತಳೆ ಗಾಜಿಗೆ ಕಿತ್ತಳೆ ಎಲ್‌ಇಡಿ. ಆದರೆ ಕೆಲವು ಗಾಡಿಗಳಲ್ಲಿ ಟೇಲ್ ಲೈಟಿನ ಅಡಿಯ ಒಂದು ಸಣ್ಣ ಕಿಟಕಿ ಮೂಲಕವೇ ನಂಬರ್ ಪ್ಲೇಟ್‌ಗೆ ಬೆಳಕು ಬೀಳುತ್ತದೆ. ಅಲ್ಲಿ ಕೆಂಪು ಹಾಕಿದರೆ ಪ್ಲೇಟ್ ಕೆಂಪಾಗಿ ಕಾಣುತ್ತದೆ, ಆಗ ಆ ಬದಿಯಲ್ಲಿ ಹಳೇ ಬಲ್ಬೇ ಇರಲಿ.

ಬಲ್ಬಿನ ಆಕಾರವನ್ನೂ ನೋಡಿ. ಹಳೇ ದೀಪದೊಳಗಿನ ಕನ್ನಡಿ, ಫಿಲಮೆಂಟ್ ಸುತ್ತಲೂ ಬೆಳಕು ಚೆಲ್ಲುತ್ತದೆ ಅಂತ ಲೆಕ್ಕ ಹಾಕಿ ಮಾಡಿದ್ದು. ತುದಿಯಲ್ಲಿ ಮಾತ್ರ ಚಿಪ್ ಇರುವ ಎಲ್‌ಇಡಿ ಹಾಕಿದರೆ ನಡುವೆ ಒಂದು ಚುಕ್ಕೆ ಉರಿಯುತ್ತದೆ, ಉಳಿದ ಗಾಜು ಕತ್ತಲೆ. ಸುತ್ತಲೂ, ತುದಿಗೂ ಚಿಪ್ ಇರುವುದನ್ನು ತನ್ನಿ. ಉದ್ದ ಹಳೇ ಬಲ್ಬಿನಷ್ಟೇ ಇರಲಿ. "ಕ್ಯಾನ್‌ಬಸ್" ಅಂತ ಬರೆದಿರುವುದು ಹಳೇ ಗಾಡಿಗೆ ಬೇಕಿಲ್ಲ. ಹೊಸ ಗಾಡಿಯ ಕಂಪ್ಯೂಟರನ್ನು ನಂಬಿಸಲು ಅದರೊಳಗೆ ರೆಸಿಸ್ಟರ್ ಇಟ್ಟಿರುತ್ತಾರೆ, ಅದು ಸುಮ್ನೆ ಬಿಸಿಯಾಗುತ್ತದೆ.

ಹಾಕಿದ ಮೇಲೆ ಪಾರ್ಕಿಂಗ್ ಆನ್ ಮಾಡಿ, ಒಬ್ಬರಿಗೆ ಬ್ರೇಕ್ ತುಳಿಯಲು ಹೇಳಿ, ನೀವು 30 ಅಡಿ ಹಿಂದೆ ನಿಂತು ನೋಡಿ. ಮಟಮಟ ಮಧ್ಯಾಹ್ನ ನೋಡಿದರೆ ಒಳ್ಳೆಯದು. ಟೇಲ್ ಮತ್ತು ಬ್ರೇಕ್‌ಗೆ ಕಣ್ಣಿಗೆ ಹೊಡೆಯುವಷ್ಟು ವ್ಯತ್ಯಾಸ ಇರಬೇಕು. ಎರಡೂ ಒಂದೇ ಥರ ಕಂಡರೆ ಆ ಬಲ್ಬನ್ನು ಅಂಗಡಿಗೆ ವಾಪಸ್ ಕೊಡಿ. ರಾತ್ರಿ ನೀವು ಬ್ರೇಕ್ ಹಾಕಿದ್ದು ಯಾರಿಗೂ ಗೊತ್ತಾಗದಂತೆ ಮಾಡುವ ಬಲ್ಬ್ ಅದು.

ಇನ್ನೊಂದು ಪರೀಕ್ಷೆ: ಎಲ್ಲ ಲೈಟ್ ಆಫ್ ಇಟ್ಟು ಬ್ರೇಕ್ ಮಾತ್ರ ತುಳಿಯಿರಿ. ಮುಂದಿನ ಪಾರ್ಕಿಂಗ್ ದೀಪವೋ ಮೀಟರ್ ದೀಪವೋ ಮಿನುಗಿದರೆ, ಬಲ್ಬಿನೊಳಗೆ ಎರಡು ಲೈನನ್ನು ಬೇರೆ ಇಡುವ ಡಯೋಡ್ ಇಲ್ಲ ಅಥವಾ ಸತ್ತಿದೆ. ಕರೆಂಟ್ ಬ್ರೇಕ್ ಲೈನಿನಿಂದ ಟೇಲ್ ಲೈನಿಗೆ ಹಿಂದಕ್ಕೆ ಹರಿಯುತ್ತಿದೆ. ಬಲ್ಬ್ ಬದಲಿಸುವುದೇ ಇದಕ್ಕೆ ಪರಿಹಾರ.

ಹಂತ 6: ಇಂಡಿಕೇಟರ್

ಹಳೇ ಫ್ಲ್ಯಾಶರ್ ಬಲ್ಬುಗಳು ಎಳೆಯುವ ಕರೆಂಟ್ ನೋಡಿ ಕೆಲಸ ಮಾಡುತ್ತದೆ. ಒಂದು ಬದಿಗೆ 21 ವ್ಯಾಟ್‌ನ ಎರಡು ಬಲ್ಬ್ ಅಂದರೆ 42 ವ್ಯಾಟ್, ಅಂದಾಜು ಮೂರೂವರೆ ಆಂಪಿಯರ್. 3 ವ್ಯಾಟ್‌ನ ಎರಡು ಎಲ್‌ಇಡಿ ಹಾಕಿದರೆ ಅರ್ಧ ಆಂಪಿಯರ್ ಅಷ್ಟೇ. ಬಿಸಿಯಾಗಿ ಬಾಗುವ ಪಟ್ಟಿ ಇರುವ ಹಳೇ ಫ್ಲ್ಯಾಶರ್‌ಗೆ ಆ ಕರೆಂಟ್ ಸಾಲುವುದಿಲ್ಲ, ದೀಪ ಹತ್ತಿಯೇ ಇರುತ್ತದೆ. ಎಲೆಕ್ಟ್ರಾನಿಕ್ ಮಾದರಿಯದ್ದು "ಒಂದು ಬಲ್ಬ್ ಹೋಗಿದೆ" ಅಂದುಕೊಂಡು ಎರಡು ಪಟ್ಟು ವೇಗದಲ್ಲಿ ಬಡಿಯುತ್ತದೆ. ಎರಡರಲ್ಲೂ ಬಲ್ಬಿನ ತಪ್ಪೇನಿಲ್ಲ.

ಎರಡು ದಾರಿ ಇವೆ: ಫ್ಲ್ಯಾಶರ್ ಬದಲಿಸುವುದು, ಇಲ್ಲವೇ ಪ್ರತಿ ಬದಿಗೆ ರೆಸಿಸ್ಟರ್ ಜೋಡಿಸುವುದು. ಗ್ಯಾರೇಜ್‌ಗಳಲ್ಲಿ ಎರಡನೆಯದನ್ನು ಬೇಗ ಮಾಡಿಕೊಡುತ್ತಾರೆ. ನನ್ನ ಸಲಹೆ ಮೊದಲನೆಯದು. 6 ಓಮ್, 50 ವ್ಯಾಟ್‌ನ ರೆಸಿಸ್ಟರ್ ಹತ್ತಿದಾಗಲೆಲ್ಲ 2 ಆಂಪಿಯರ್‌ಗಿಂತ ಜಾಸ್ತಿ ಎಳೆದು, ಸುಮಾರು 30 ವ್ಯಾಟ್ ಬಿಸಿ ಉಗುಳುತ್ತದೆ. ಕೈ ಸುಡುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ದೀಪದ ಹಿಂದೆ, ವೈರ್ ಕಟ್ಟಿನ ಮೇಲೆ, ಬೂಟಿನ ಕಾರ್ಪೆಟ್ ಪಕ್ಕ ಟೇಪ್ ಸುತ್ತಿ ಬಿಟ್ಟಿರುವುದನ್ನು ಕಂಡರೆ ಅವತ್ತೇ ತೆಗೆಸಿ. ಹಾಕಲೇಬೇಕಾದರೆ ಬರಿಯ ಲೋಹದ ಮೇಲೆ ಸ್ಕ್ರೂ ಮಾಡಿ, ಸುತ್ತ ಏನೂ ತಾಗದಂತೆ ಇಡಿ.

ಫ್ಲ್ಯಾಶರ್ ಬದಲಿಸುವ ಕ್ರಮ ಹೀಗೆ. ಇಂಡಿಕೇಟರ್ ಹಾಕಿ ಟಿಕ್ ಟಿಕ್ ಸದ್ದು ಎಲ್ಲಿಂದ ಬರುತ್ತದೆ ಅಂತ ಕೇಳಿ. ಹೆಚ್ಚಾಗಿ ಫ್ಯೂಸ್ ಬಾಕ್ಸ್ ಹತ್ತಿರ ಅಥವಾ ಸ್ಟೀರಿಂಗ್ ಅಡಿಯಲ್ಲಿ ಇರುತ್ತದೆ. ಕಿತ್ತು, ಕಾಲುಗಳ ಹೆಸರು ಓದಿ. ಬಿ ಅಥವಾ 49 ಅಂದರೆ ಬರುವ ಕರೆಂಟ್. ಎಲ್ ಅಥವಾ 49ಎ ಅಂದರೆ ದೀಪಕ್ಕೆ ಹೋಗುವುದು. ಇ ಅಥವಾ 31 ಅಂದರೆ ಅರ್ಥ್. ಈಗ ಕೀ ಆನ್ ಮಾಡಿ, ಕಪ್ಲರ್‌ನ ಯಾವ ತೂತಿನಲ್ಲಿ 12 ವೋಲ್ಟ್ ಇದೆ ಅಂತ ಮೀಟರ್‌ನಲ್ಲಿ ನೋಡಿ. ಅದು ಹೊಸ ಫ್ಲ್ಯಾಶರ್‌ನ ಬಿ ಕಾಲಿಗೆ ಸೇರಬೇಕು. ಮೂರು ಕಾಲಿನವುಗಳಲ್ಲಿ ಕಾಲುಗಳ ಜಾಗ ಎಲ್ಲ ಕಂಪನಿಗೂ ಒಂದೇ ಅಲ್ಲ, ಸುಮ್ಮನೆ ತಳ್ಳಿದರೆ ಕರೆಂಟ್ ನೇರ ಅರ್ಥ್‌ಗೆ ಹೋಗಿ ಫ್ಯೂಸ್ ಹಾರುತ್ತದೆ. ಹಳೆಯದು ಎರಡು ಕಾಲಿನದ್ದಾಗಿ ಹೊಸದಕ್ಕೆ ಮೂರು ಇದ್ದರೆ, ಅರ್ಥ್ ಕಾಲಿನಿಂದ ಒಂದು ವೈರ್ ಬಾಡಿಗೆ ಕೊಡಿ.

ಹಾಕಿದ ಮೇಲೆ ಗಡಿಯಾರ ಹಿಡಿದು ಎಣಿಸಿ. ನಮ್ಮ ಮೋಟಾರು ವಾಹನ ನಿಯಮದ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ಕ್ಕಿಂತ ಕಡಿಮೆ ಇರಬಾರದು, 120 ಮೀರಬಾರದು, ಬಣ್ಣ ಕಿತ್ತಳೆಯೇ ಇರಬೇಕು. ಹಜಾರ್ಡ್ ಸ್ವಿಚ್ ಕೂಡ ಒತ್ತಿ ನೋಡಿ. ಕೆಲವು ಗಾಡಿಗಳಲ್ಲಿ ಅದಕ್ಕೆ ಬೇರೆ ಫ್ಲ್ಯಾಶರ್ ಇರುತ್ತದೆ.

ಇಷ್ಟಾದರೂ ಒಂದು ಬದಿಗೆ ಹಾಕಿದರೆ ನಾಲ್ಕೂ ದೀಪ ಮಿಣುಕುತ್ತಿವೆಯಾ? ಡ್ಯಾಶ್‌ಬೋರ್ಡಿನ ಮೀಟರ್‌ನಲ್ಲಿ ಎಡ-ಬಲ ಎರಡಕ್ಕೂ ಸೇರಿ ಒಂದೇ ಇಂಡಿಕೇಟರ್ ದೀಪ ಇರುವ ಗಾಡಿಗಳಲ್ಲಿ ಹೀಗಾಗುತ್ತದೆ. ಆ ಪುಟ್ಟ ಬಲ್ಬ್ ಎಡ ಮತ್ತು ಬಲ ಲೈನ್‌ಗಳ ನಡುವೆ ಜೋಡಿಸಿರುತ್ತದೆ. ಎಡಕ್ಕೆ ಹಾಕಿದಾಗ ಅದರ ಮೂಲಕ ಸ್ವಲ್ಪ ಕರೆಂಟ್ ಬಲಕ್ಕೆ ದಾಟುತ್ತದೆ. 21 ವ್ಯಾಟ್ ಫಿಲಮೆಂಟ್ ಅಷ್ಟಕ್ಕೆ ಹತ್ತುತ್ತಿರಲಿಲ್ಲ, ಎಲ್‌ಇಡಿ ಹತ್ತುತ್ತದೆ. ಪರಿಹಾರಕ್ಕೆ ಎರಡು 1ಎನ್4007 ಡಯೋಡ್ ಸಾಕು. ಮೀಟರ್ ಬಲ್ಬಿನ ಎರಡು ವೈರ್ ಬಿಡಿಸಿ. ಎಡ ಲೈನಿಗೆ ಒಂದು ಡಯೋಡ್, ಬಲ ಲೈನಿಗೆ ಒಂದು ಡಯೋಡ್. ಎರಡರ ಬೆಳ್ಳಿ ಗೆರೆ ಇರುವ ತುದಿಗಳನ್ನು ಸೇರಿಸಿ ಬಲ್ಬಿನ ಒಂದು ಬದಿಗೆ ಕೊಡಿ. ಬಲ್ಬಿನ ಇನ್ನೊಂದು ಬದಿ ಅರ್ಥ್‌ಗೆ. ಬೆಸುಗೆ ಹಾಕಿದ ಜಾಗಕ್ಕೆ ಹೀಟ್ ಶ್ರಿಂಕ್ ಹಾಕಿ ಮುಚ್ಚಿ.

ಒಂದು ಎಚ್ಚರ. ಕರೆಂಟ್ ನೋಡದ ಈ ಹೊಸ ಫ್ಲ್ಯಾಶರ್ ಬಲ್ಬ್ ಹೋದರೆ ಹೇಳುವುದಿಲ್ಲ, ವೇಗ ಹಾಗೇ ಇರುತ್ತದೆ. ವಾರಕ್ಕೊಮ್ಮೆ ಹಜಾರ್ಡ್ ಹಾಕಿ ಗಾಡಿ ಸುತ್ತ ಒಂದು ಸುತ್ತು ಬರುವುದನ್ನು ರೂಢಿ ಮಾಡಿಕೊಳ್ಳಿ.

ಹಂತ 7: ಡ್ಯಾಶ್‌ಬೋರ್ಡ್, ಒಂದು ಬಲ್ಬ್ ಬಿಟ್ಟು

ಮೀಟರ್ ಹಿಂದಿನ ಸಣ್ಣ ಬಲ್ಬುಗಳಿಗೂ ಎಲ್‌ಇಡಿ ಸಿಗುತ್ತದೆ. ಹಾಕಬಹುದು. ಆದರೆ ಬ್ಯಾಟರಿ ಚಿತ್ರ ಇರುವ ಕೆಂಪು ದೀಪದ ಬಲ್ಬನ್ನು ಮುಟ್ಟಬೇಡಿ. ಬಹಳಷ್ಟು ಹಳೇ ಆಲ್ಟರ್ನೇಟರ್‌ಗಳು ಎಂಜಿನ್ ಶುರುವಾದಾಗ ಎಬ್ಬಿಸಿಕೊಳ್ಳಲು ಬೇಕಾದ ಮೊದಲ ಕರೆಂಟನ್ನು ಆ ಬಲ್ಬಿನ ಮೂಲಕವೇ ಪಡೆಯುತ್ತವೆ. ಅಲ್ಲಿ ಎಲ್‌ಇಡಿ ಹಾಕಿದರೆ ಆ ಕರೆಂಟ್ ಸಾಲದೆ ಚಾರ್ಜಿಂಗ್ ಶುರುವಾಗದೇ ಇರಬಹುದು. ದೀಪ ಬದಲಿಸಿದ ಮೇಲೆ ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ, ಆಲ್ಟರ್ನೇಟರ್ ಬಿಚ್ಚಿಸುವ ಮುಂಚೆ ಈ ಒಂದು ಬಲ್ಬನ್ನು ವಾಪಸ್ ಹಾಕಿ ನೋಡಿ.

ಹಂತ 8: ಹೆಡ್‌ಲೈಟ್, ಮೊದಲು ವೈರ್ ಅಳೆಯಿರಿ

ಎಂಜಿನ್ ಓಡುತ್ತಿರಲಿ, ಡಿಮ್ ಆನ್ ಇರಲಿ. ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆ ನೋಡಿ. ಆಮೇಲೆ ಹೆಡ್‌ಲೈಟ್ ಕಪ್ಲರ್‌ನ ಹಿಂದಿನಿಂದ ಮೀಟರ್ ಮೊನೆ ತೂರಿಸಿ ಬಲ್ಬಿಗೆ ಎಷ್ಟು ಸಿಗುತ್ತಿದೆ ನೋಡಿ. ಅರ್ಧ ವೋಲ್ಟ್‌ವರೆಗಿನ ವ್ಯತ್ಯಾಸ ಪರವಾಗಿಲ್ಲ. ಬ್ಯಾಟರಿಯಲ್ಲಿ 13.5 ಇದ್ದು ಬಲ್ಬಿಗೆ 12 ಸಿಗುತ್ತಿದ್ದರೆ, ನಿಮ್ಮ ಹ್ಯಾಲೊಜೆನ್‌ನ ಬೆಳಕಿನಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ದಾರಿಯಲ್ಲೇ ಹೋಗುತ್ತಿದೆ. ಹ್ಯಾಲೊಜೆನ್‌ನಲ್ಲಿ ವೋಲ್ಟ್ ಸ್ವಲ್ಪ ಇಳಿದರೂ ಬೆಳಕು ತುಂಬ ಇಳಿಯುತ್ತದೆ.

ಇದಕ್ಕೆ ಮದ್ದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಹೆಡ್‌ಲೈಟಿನ ಪೂರ್ತಿ ಕರೆಂಟ್ ಹಳೇ ಸ್ವಿಚ್ ಮೂಲಕ ಸುತ್ತಿ ಬರುವ ಬದಲು ಬ್ಯಾಟರಿಯಿಂದ ನೇರ ಬರಬೇಕು. ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು, 30 ಆಂಪಿಯರ್‌ನ ಎರಡು ರಿಲೇ ತನ್ನಿ. 85, 86 ಕಾಲುಗಳಿಗೆ ಹಳೇ ಹೆಡ್‌ಲೈಟ್ ವೈರ್ ಮತ್ತು ಅರ್ಥ್. 30ಕ್ಕೆ ಬ್ಯಾಟರಿಯಿಂದ ವೈರ್, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್. 87ರಿಂದ ಬಲ್ಬಿಗೆ. ವೈರ್ 2.5 ಚದರ ಮಿಲಿಮೀಟರ್ ಇರಲಿ. ಅರ್ಥ್ ವೈರ್ ಕೂಡ ಹೊಸದು ಹಾಕಿ. ರೆಡಿ ಸಿಗುವ ರಿಲೇ ಕಿಟ್‌ನಲ್ಲಿ ಇದೆಲ್ಲ ಜೋಡಿಸಿಯೇ ಬರುತ್ತದೆ.

ಮಂಕಾದ ಕನ್ನಡಿಗೂ ಮದ್ದು ಬೇಕು. ಹೆಡ್‌ಲೈಟ್ ಒಳಗಿನ ಬೆಳ್ಳಿ ಲೇಪ ಹಪ್ಪಳೆ ಎದ್ದಿದ್ದರೆ ಯಾವ ಬಲ್ಬ್ ಹಾಕಿದರೂ ಪ್ರಯೋಜನ ಇಲ್ಲ, ಜೋಡಿ ಹೊಸದು ಹಾಕಿಸಿ. ರಿಲೇ, ಹೊಸ ಕನ್ನಡಿ, ಒಳ್ಳೇ ಕಂಪನಿಯ 60/55 ಹ್ಯಾಲೊಜೆನ್: ಇಷ್ಟು ಮಾಡಿದವರಲ್ಲಿ ಹೆಚ್ಚಿನವರಿಗೆ ಎಲ್‌ಇಡಿ ಬೇಕು ಅನ್ನಿಸುವುದಿಲ್ಲ. ಎಚ್4 ಹೆಡ್‌ಲೈಟ್ ಇರುವ ಹಳೇ ಕಾರಿಗೆ ನಾನು ಹೇಳುವುದು ಇದನ್ನೇ.

ಕಾರಣ ಇದೆ. ಎಚ್4 ಬಲ್ಬಿನಲ್ಲಿ ಡಿಮ್ ಫಿಲಮೆಂಟ್ ಅಡಿಗೆ ಒಂದು ಲೋಹದ ಬಟ್ಟಲು ಇರುತ್ತದೆ. ಅದು ಕೆಳಗಿನ ಬೆಳಕನ್ನು ತಡೆದು, ಕನ್ನಡಿಯ ಮೇಲಿನ ಭಾಗವನ್ನು ಮಾತ್ರ ಬಳಸುತ್ತದೆ. ಡಿಮ್‌ನಲ್ಲಿ ಎದುರಿನವರ ಕಣ್ಣಿಗೆ ಬೆಳಕು ಹೊಡೆಯದಿರುವುದು ಇದರಿಂದಲೇ. ಎಲ್‌ಇಡಿ ಚಿಪ್ ಫಿಲಮೆಂಟ್ ಇದ್ದ ಜಾಗದಿಂದ ಒಂದೆರಡು ಮಿಲಿಮೀಟರ್ ಸರಿದರೂ ಆ ಲೆಕ್ಕ ಕೆಡುತ್ತದೆ, ಬೆಳಕು ಮೇಲೆಲ್ಲ ಚೆಲ್ಲುತ್ತದೆ. ನಿಮಗೆ ಎದುರಿನ ಮರ ಬೆಳ್ಳಗೆ ಕಾಣುತ್ತದೆ, ಎದುರು ಬರುವ ಬೈಕಿನವನಿಗೆ ರಸ್ತೆಯೇ ಕಾಣುವುದಿಲ್ಲ. ಪ್ಯಾಕೆಟ್ ಮೇಲೆ 20,000 ಲುಮೆನ್ ಅಂತ ಬರೆದಿದ್ದರೆ ನಂಬಬೇಡಿ. ಕಂಪನಿ ಎಚ್4 ಹ್ಯಾಲೊಜೆನ್ ಕೊಡುವುದು ಡಿಮ್‌ನಲ್ಲಿ 1000, ಬ್ರೈಟ್‌ನಲ್ಲಿ 1650 ಲುಮೆನ್ ಅಷ್ಟೇ, ಅದು ಸರಿಯಾದ ಜಾಗಕ್ಕೆ ಬಿದ್ದರೆ ಸಾಕಾಗುತ್ತದೆ.

ಕಾನೂನನ್ನೂ ನೋಡಿ. ಕಂಪನಿ ಕೊಟ್ಟ ರೂಪದಿಂದ ಗಾಡಿಯನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ ಕಲಂ 52 ಮಿತಿ ಹಾಕುತ್ತದೆ. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟ್‌ಗಳ ಮೇಲೆ ಕಲಂ 177ರಡಿ ಕೇಸು ಹಾಕುವ ಕಾರ್ಯಾಚರಣೆ ಶುರು ಮಾಡಿದರು.

ಇಷ್ಟಾದ ಮೇಲೂ ಹೆಡ್‌ಲೈಟ್‌ಗೆ ಎಲ್‌ಇಡಿ ಹಾಕುವುದಾದರೆ ನಾಲ್ಕು ವಿಷಯ ಬಿಡಬೇಡಿ.

ಚಿಪ್‌ಗಳು ಎಡಕ್ಕೂ ಬಲಕ್ಕೂ ಮುಖ ಮಾಡಿರಬೇಕು, ಮೇಲೆ-ಕೆಳಗೆ ಅಲ್ಲ. ಡಿಮ್ ಚಿಪ್‌ನ ಬಟ್ಟಲು ಅಡಿಗೆ ಬರಬೇಕು. ಕಾಲರ್ ಸಡಿಲಿಸಿ ತಿರುಗಿಸಿ ಸರಿ ಮಾಡಬಹುದು. ಚಿಪ್ ಇರುವ ಪಟ್ಟಿ ತೆಳುವಾದಷ್ಟೂ ಒಳ್ಳೆಯದು.

ಹಿಂದಿನ ರಬ್ಬರ್ ಮುಚ್ಚಳ ಕೂರಬೇಕು. ಎಲ್‌ಇಡಿಯ ಬಿಸಿ ಹಿಂದಕ್ಕೆ, ಫ್ಯಾನ್ ಇರುವ ಕಡೆಗೆ ಹೋಗುತ್ತದೆ. ರಬ್ಬರ್ ಕತ್ತರಿಸಿ ಬಿಟ್ಟರೆ ಮೊದಲ ಮಳೆಗೇ ಒಳಗೆ ನೀರು. ಫ್ಯಾನ್ ಸುತ್ತ ಗಾಳಿ ಆಡದಿದ್ದರೆ ಚಿಪ್ ಬೇಗ ಸಾಯುತ್ತದೆ.

ಕಪ್ಲರ್‌ನ ಮೂರು ಕಾಲಿನಲ್ಲಿ ಯಾವುದು ಪ್ಲಸ್ ಅಂತ ಅಳೆಯಿರಿ. ಕೆಲವು ಗಾಡಿಗಳಲ್ಲಿ ಡಿಮ್, ಬ್ರೈಟ್ ಎರಡಕ್ಕೂ ಸೇರಿದ ಸಾಮಾನ್ಯ ಕಾಲಿಗೆ ಸದಾ ಪ್ಲಸ್ ಇದ್ದು, ಸ್ವಿಚ್ ಅರ್ಥ್ ಕೊಡುತ್ತದೆ. ಸುಜುಕಿ ಮೂಲದ ಹಳೇ ಗಾಡಿಗಳಲ್ಲಿ ಹೀಗಿರುವುದು ಉಂಟು. ಅಂಥ ಗಾಡಿಗೆ ಮಾಮೂಲಿ ಎಲ್‌ಇಡಿ ಹತ್ತುವುದಿಲ್ಲ, ಪ್ಲಸ್-ಮೈನಸ್ ಹೇಗಿದ್ದರೂ, ಅಂದರೆ ಎರಡೂ ಕಡೆಯ ಪೋಲಾರಿಟಿಗೆ ಹೊಂದುವುದನ್ನು ಕೇಳಿ ತನ್ನಿ. ರಿಲೇ ಜೋಡಣೆಯೂ ಆಗ ಬೇರೆ, ಅರ್ಥ್ ಬದಲು 86ಕ್ಕೆ ಪ್ಲಸ್ ಕೊಡಬೇಕಾಗುತ್ತದೆ.

ಬಣ್ಣ 4300 ಕೆಲ್ವಿನ್ ಆಸುಪಾಸು ಇರಲಿ. 6000 ದಾಟಿದ ನೀಲಿ-ಬಿಳಿ ಬೆಳಕು ಒಣ ರಸ್ತೆಯಲ್ಲಿ ಚೆನ್ನಾಗಿ ಕಾಣುತ್ತದೆ. ಮಳೆಗಾಲದಲ್ಲಿ ಆಗುಂಬೆಯೋ ಚಾರ್ಮಾಡಿಯೋ ಹತ್ತುವಾಗ, ಒದ್ದೆ ಟಾರು ಮತ್ತು ಮಂಜಿನ ನಡುವೆ ಕಣ್ಣಿಗೆ ಅದು ಬಹಳ ಕಷ್ಟ ಕೊಡುತ್ತದೆ.

ಹಂತ 9: ಗೋಡೆ ಮುಂದೆ ನಿಲ್ಲಿಸಿ ಎತ್ತರ ಸರಿ ಮಾಡಿ

ಹ್ಯಾಲೊಜೆನ್ ಇರಲಿ, ಎಲ್‌ಇಡಿ ಇರಲಿ, ಈ ಹಂತ ಬಿಡುವಂತಿಲ್ಲ. ಟೈರ್ ಗಾಳಿ ಸರಿ ಇರಲಿ, ಒಬ್ಬರು ಡ್ರೈವರ್ ಸೀಟಿನಲ್ಲಿ ಕೂತಿರಲಿ. ಸಮತಟ್ಟು ನೆಲದಲ್ಲಿ ಗೋಡೆಗೆ ಹತ್ತಿರ ನಿಲ್ಲಿಸಿ, ಎರಡು ಹೆಡ್‌ಲೈಟಿನ ನಡುಬಿಂದುವಿನ ಎತ್ತರಕ್ಕೆ ಗೋಡೆ ಮೇಲೆ ಟೇಪ್ ಹಚ್ಚಿ. ಈಗ ನೇರ ಹಿಂದಕ್ಕೆ ಬಂದು ಏಳೂವರೆ ಮೀಟರ್ ದೂರ, ಅಂದರೆ 25 ಅಡಿ ದೂರದಲ್ಲಿ ನಿಲ್ಲಿಸಿ.

ಡಿಮ್ ಹಾಕಿ. ಬೆಳಕಿನ ಮೇಲಂಚು ಟೇಪಿನಿಂದ ಸುಮಾರು 7-8 ಸೆಂಟಿಮೀಟರ್ ಕೆಳಗೆ ಬರುವಂತೆ ಹೆಡ್‌ಲೈಟ್ ಹಿಂದಿನ ಸ್ಕ್ರೂ ತಿರುಗಿಸಿ. ನಾವು ಎಡಕ್ಕೆ ಓಡಿಸುವವರು, ಆದ್ದರಿಂದ ಆ ಅಂಚು ಎಡಬದಿಯಲ್ಲಿ ಸ್ವಲ್ಪ ಮೇಲೇರುವುದು ಸರಿ. ಬಲಬದಿಯಲ್ಲಿ ಏರಿದರೆ ಅದು ಬೇರೆ ದೇಶಕ್ಕೆ ಮಾಡಿದ ದೀಪ ಅಥವಾ ತಿರುಗಿ ಕೂತ ಬಲ್ಬ್.

ಎಲ್‌ಇಡಿ ಹಾಕಿದವರಿಗೆ ಇಲ್ಲೇ ತೀರ್ಪು ಸಿಗುತ್ತದೆ. ಅಂಚು ಗೆರೆ ಎಳೆದಂತೆ ಕಾಣುತ್ತಿದ್ದರೆ ಇಟ್ಟುಕೊಳ್ಳಿ. ಟೇಪಿನ ಮೇಲೆಲ್ಲ ಬೆಳಕು ಹರಡಿ, ಅಂಚೇ ಸಿಗದಿದ್ದರೆ ಆ ಬಲ್ಬ್ ನಿಮ್ಮ ಕನ್ನಡಿಗೆ ಹೊಂದುವುದಿಲ್ಲ. ಸ್ಕ್ರೂ ತಿರುಗಿಸಿ ಪೂರ್ತಿ ಕೆಳಗಿಳಿಸಿ ಒಪ್ಪಿಸಲು ಹೋಗಬೇಡಿ, ಬಲ್ಬ್ ತೆಗೆಯಿರಿ.

ಬೈಕ್, ಸ್ಕೂಟರ್ ಇದ್ದವರಿಗೆ

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಹೆಡ್‌ಲೈಟ್ ಹಾಕಿ ನೋಡಿ. ಹತ್ತದೆ, ಎಂಜಿನ್ ಓಡಿದಾಗ ಮಾತ್ರ ಹತ್ತಿ, ರೇಸ್ ಕೊಟ್ಟಂತೆ ಜೋರಾದರೆ ನಿಮ್ಮ ಹೆಡ್‌ಲೈಟ್ ಬ್ಯಾಟರಿಯ ಡಿಸಿ ಬದಲು ಮ್ಯಾಗ್ನೆಟೊದ (ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಭಾಗದ) ಎಸಿ ಕರೆಂಟ್‌ನಲ್ಲಿ ಓಡುತ್ತಿದೆ. ಹಳೇ ನೂರು ಸಿಸಿ ಬೈಕ್‌ಗಳಲ್ಲಿ ಇದು ಸಾಮಾನ್ಯ. ಅಲ್ಲಿಗೆ ಡಿಸಿ ಎಲ್‌ಇಡಿ ಹಾಕಿದರೆ ಮಿಣುಕುತ್ತದೆ, ಬೇಗ ಸಾಯುತ್ತದೆ.

ಸುಲಭದ ದಾರಿ ಎಸಿ/ಡಿಸಿ ಎರಡಕ್ಕೂ ನಡೆಯುತ್ತದೆ ಅಂತ ಬರೆದಿರುವ ಬಲ್ಬ್. ಆದರೂ ಐಡಲ್‌ನಲ್ಲಿ ಸ್ವಲ್ಪ ಮಿಣುಕು ಇರಬಹುದು. ಪೂರ್ತಿ ಡಿಸಿ ಮಾಡುವುದಾದರೆ ಸ್ಟೇಟರ್ ಕಾಯಿಲ್‌ನ (ಮ್ಯಾಗ್ನೆಟೊದ ತಂತಿ ಸುರುಳಿಯ) ಅರ್ಥ್ ಬಿಡಿಸಿ ಫುಲ್ ವೇವ್ ಆರ್‌ಆರ್ ಯೂನಿಟ್ (ಎಸಿಯನ್ನು ಡಿಸಿ ಮಾಡಿ ವೋಲ್ಟ್ ಹತೋಟಿಯಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಹಾಕಬೇಕು. ಅದು ಬಲ್ಲ ಎಲೆಕ್ಟ್ರಿಷಿಯನ್ ಕೆಲಸ. ಅದು ಮಾಡದೆ ಹೆಡ್‌ಲೈಟ್ ವೈರನ್ನು ಸುಮ್ಮನೆ ಬ್ಯಾಟರಿ ಲೈನಿಗೆ ಸೇರಿಸಿದರೆ ಸಣ್ಣ ಬ್ಯಾಟರಿ ಬೇಗ ಖಾಲಿ.

ಇಂಡಿಕೇಟರ್ ಹೆಚ್ಚಾಗಿ ಬ್ಯಾಟರಿಯಿಂದಲೇ ಓಡುತ್ತದೆ, ಅದಕ್ಕೆ ಹಂತ 6 ಹಾಗೇ ಅನ್ವಯಿಸುತ್ತದೆ. ತೀರಾ ಹಳೇ ಸ್ಕೂಟರ್, ಬುಲೆಟ್ ಇದ್ದರೆ ಬ್ಯಾಟರಿ 6 ವೋಲ್ಟ್‌ದೋ 12ದೋ ಮೊದಲು ನೋಡಿ. 12 ವೋಲ್ಟ್ ಎಲ್‌ಇಡಿ 6ರಲ್ಲಿ ಹತ್ತುವುದೇ ಇಲ್ಲ.

ಈ ಲಕ್ಷಣ ಕಂಡರೆ ಗಾಡಿ ನಿಲ್ಲಿಸಿ ನೋಡಿ

ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಮೊದಲು ರೆಸಿಸ್ಟರ್, ಆಮೇಲೆ ಹೆಡ್‌ಲೈಟ್ ಕಪ್ಲರ್ ಮುಟ್ಟಿ ನೋಡಿ. ಹಿಂದೆ ಯಾರಾದರೂ 100/90 ವ್ಯಾಟ್ ಬಲ್ಬ್ ಹಾಕಿದ್ದ ಗಾಡಿಯಲ್ಲಿ ಕಪ್ಲರ್ ಕಂದಾಗಿ ಗಟ್ಟಿಯಾಗಿರುತ್ತದೆ. ಅದನ್ನು ಕತ್ತರಿಸಿ ಸೆರಾಮಿಕ್ ಕಪ್ಲರ್ ಹಾಕಿಸಿ.

ಫ್ಯೂಸ್ ಹಾರಿದರೆ ದೊಡ್ಡ ಫ್ಯೂಸ್ ಹಾಕಬೇಡಿ. ಎಲ್‌ಇಡಿ ಹಾಕಿದ ಮೇಲೆ ಕರೆಂಟ್ ಕಡಿಮೆ ಆಗಬೇಕು. ಆದರೂ ಹಾರುತ್ತಿದೆ ಅಂದರೆ ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ. ಡಿಕ್ಕಿ ಬಾಗಿಲಿನ ಮಡಿಕೆಯಲ್ಲಿ ಹೋಗುವ ವೈರ್‌ಗಳನ್ನು ಮೊದಲು ನೋಡಿ.

ಲೈಟ್ ಹಾಕಿದ ತಕ್ಷಣ ಎಫ್‌ಎಂನಲ್ಲಿ ಗೊರಗೊರ ಬಂದರೆ ಬಲ್ಬಿನೊಳಗಿನ ಡ್ರೈವರ್ ಕಳಪೆ. ಒಂದೊಂದೇ ಬಲ್ಬ್ ಕಿತ್ತು ನೋಡಿದರೆ ಯಾವುದು ಅಂತ ಸಿಗುತ್ತದೆ. ಅಂಥ ಬಲ್ಬ್ ಬಾಳಿಕೆ ಬರುವುದೂ ಅಪರೂಪ, ಬದಲಿಸಿಬಿಡಿ.

ಬಿಚ್ಚಿದ ಹಳೇ ಬಲ್ಬುಗಳನ್ನೂ ಫ್ಲ್ಯಾಶರನ್ನೂ ಒಂದು ಡಬ್ಬಿಯಲ್ಲಿ ಹಾಕಿ ಗಾಡಿಯಲ್ಲೇ ಇಡಿ. ರಾತ್ರಿ ಯಾವುದೋ ಊರಿನಲ್ಲಿ ಎಲ್‌ಇಡಿ ಕೈ ಕೊಟ್ಟರೆ ವಾಪಸ್ ಹಾಕಲು ಅದೇ ಹೋಲ್ಡರ್, ಅದೇ ಕಪ್ಲರ್ ಇರುತ್ತದೆ. ಅದಕ್ಕೇ ಎಲ್ಲೂ ಮೂಲ ಹೋಲ್ಡರ್ ಕತ್ತರಿಸದೆ, ವೈರ್ ತುಂಡು ಮಾಡದೆ ಕೆಲಸ ಮಾಡಿ.